ಎಣ್ಣೆಯಲ್ಲಿ ಅಳಿಸಿಹೋದ ಗೆರೆ

ನಮ್ಮ ಕಡೆ ಮೈಯೊಳಗೆ ಉದ್ದಕ್ಕೆ ಏನಿದ್ದರೂ ಅದು ನರ. ಕತ್ತು ತಿರುಗದಿದ್ದರೆ ನರ ಹಿಡಿದಿದೆ, ಕೈ ಜೋಮು ಹಿಡಿದರೆ ನರ ಒತ್ತಿದೆ, ಪಾದ ಉಳುಕಿದರೆ ನರದ ಮೇಲೆ ನರ ಹತ್ತಿದೆ. ಮುಂಗೈ ಮೇಲೆ ನೀಲಿಯಾಗಿ ಕಾಣುವುದೂ ನರವೇ. ಡ್ರಿಪ್ ಹಾಕುವ ಸಿಸ್ಟರ್ ಕೂಡ ‘ನರ ಸಿಗ್ತಾ ಇಲ್ಲ’ ಎಂದೇ ಗೊಣಗುತ್ತಾರೆ. ರಕ್ತ ಹರಿಯುವ ಕೊಳವೆ ಬೇರೆ, ನೋವಿನ ಸುದ್ದಿ ಒಯ್ಯುವ ತಂತು ಬೇರೆ, ಸ್ನಾಯುವನ್ನು ಮೂಳೆಗೆ ಬಿಗಿದಿಡುವ ಹುರಿ ಬೇರೆ ಎಂದು ಕಾಲೇಜಿನಲ್ಲಿ ಓದಿ ಬಂದವಳು ನಾನು. ಹೊಸನಗರದಲ್ಲಿ ರೋಗಿಗಳ ಎದುರು ಕುಳಿತ ಮೇಲೆ ಮೂರಕ್ಕೂ ನರ ಎಂದೇ ಹೇಳುತ್ತ ಬಂದೆ. ಕೇಳುವವರು ತಲೆಯಾಡಿಸುತ್ತಾರೆ, ನನ್ನ ಸಮಯ ಉಳಿಯುತ್ತದೆ. ಈ ಸೋಮಾರಿತನ ಒಬ್ಬ ಬಾಣಂತಿಯನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹನ್ನೆರಡು ಹಾಸಿಗೆಯ ಚಿಕ್ಕ ಖಾಸಗಿ ಆಸ್ಪತ್ರೆ. ಚಳಿಗಾಲದ ಒಂದು ಬುಧವಾರ ಬೆಳಿಗ್ಗೆ ಹೊರರೋಗಿಗಳ ಸಾಲು ಗೇಟಿನವರೆಗೆ ಇದ್ದಾಗ ಆ ಹುಡುಗಿಯನ್ನು ಗಂಡ ಎತ್ತಿಕೊಂಡೇ ಒಳಗೆ ಬಂದ. ಇಪ್ಪತ್ನಾಲ್ಕು ವರ್ಷ, ಚೊಚ್ಚಲ ಹೆರಿಗೆ, ಸಿಸೇರಿಯನ್ ಆಗಿ ಹನ್ನೆರಡನೇ ದಿನ. ಕಿವಿಯಲ್ಲಿ ಹತ್ತಿ, ತಲೆಗೆ ಉಣ್ಣೆಯ ಸ್ಕಾರ್ಫು, ಹೊಟ್ಟೆಗೆ ಬಿಗಿಯಾಗಿ ಸುತ್ತಿದ ಹಳೆಯ ಸೀರೆ. ಹಿಂದೆ ಮಗುವನ್ನು ಎದೆಗವಚಿಕೊಂಡು ಅವಳ ತಾಯಿ. ನಗರ ಎಂದೇ ಹೆಸರಿರುವ ಪಕ್ಕದ ಊರಿನ ಆಚೆಯವರು. ಗಂಡ ಹೊಸನಗರ-ಶಿವಮೊಗ್ಗ ಖಾಸಗಿ ಬಸ್ಸಿನ ಡ್ರೈವರ್. ಆ ದಿನ ರಜೆ ಹಾಕಿ ಸ್ನೇಹಿತನ ಕಾರು ತಂದಿದ್ದ.

“ಕಾಲಿಗೆ ನಂಜು ಇಳ್ದಿದೆ ಮೇಡಂ,” ಅಂದರು ತಾಯಿ, ನಾನು ಕೇಳುವ ಮೊದಲೇ. “ಬದನೆಕಾಯಿ ಕೊಟ್ಟಿಲ್ಲ, ಮೀನು ಕೊಟ್ಟಿಲ್ಲ. ಆದ್ರೂ ಎಲ್ಲಿಂದ ಬಂತೋ. ನಂಜಿಗೆ ಒಂದು ಇಂಜೆಕ್ಷನ್ ಹಾಕಿ ಬಿಡಿ, ಹೋಗ್ತೀವಿ. ಮಗುಗೆ ಥಂಡಿ ಆಗ್ತದೆ.”

“ನೀರು ಎಷ್ಟು ಕೊಡ್ತೀರಿ ಇವಳಿಗೆ?”

“ದಿನಕ್ಕೆ ಎರಡು ಲೋಟ, ಬಿಸಿದು. ಜಾಸ್ತಿ ಕುಡಿದ್ರೆ ಹೊಟ್ಟೆ ಬರ್ತದಲ್ಲ.”

ಹೊದಿಕೆ ಸರಿಸಿದೆ. ಎಡಗಾಲು ತೊಡೆಯಿಂದ ಪಾದದವರೆಗೆ ಊದಿ ಬಿಗಿದು ಹೊಳೆಯುತ್ತಿತ್ತು. ಬಣ್ಣ ತುಸು ನೀಲಿಗೆ ತಿರುಗಿತ್ತು. ಕೈಯಿಟ್ಟರೆ ಬಿಸಿ. ಮೀನಖಂಡ ಒತ್ತಿದಾಗ ಹುಡುಗಿ ತುಟಿ ಕಚ್ಚಿಕೊಂಡಳು, ಕೂಗಲಿಲ್ಲ. ಕೂಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಇಂಥ ಕಾಲಿಗೆ ನಾನು ದರ್ಜಿಯವರ ಟೇಪು ಬಳಸುತ್ತೇನೆ. ಮಂಡಿಚಿಪ್ಪಿನ ಕೆಳಗೆ ಹತ್ತು ಸೆಂಟಿಮೀಟರ್ ಅಳೆದು, ಅಲ್ಲಿ ಬಾಲ್ ಪೆನ್ನಿನಿಂದ ಅಡ್ಡ ಗೆರೆ ಎಳೆಯುವುದು. ಪ್ರತಿದಿನ ಅದೇ ಗೆರೆಯ ಮೇಲೆ ಸುತ್ತಳತೆ ನೋಡುವುದು. ಗೆರೆ ಇಲ್ಲದಿದ್ದರೆ ಇವತ್ತು ಇಲ್ಲಿ, ನಾಳೆ ಎರಡು ಬೆರಳು ಕೆಳಗೆ ಅಳೆದು ನಮಗೆ ನಾವೇ ಸುಳ್ಳು ಹೇಳಿಕೊಳ್ಳುತ್ತೇವೆ. ಬಲಗಾಲು ಮೂವತ್ತೈದು ಇತ್ತು. ಎಡಗಾಲು ನಲವತ್ತೊಂದು.

ನಂಜಲ್ಲ ಎಂದು ನನಗೆ ಆಗಲೇ ಗೊತ್ತಾಗಿತ್ತು. ಬಸುರಿಯ ರಕ್ತ ಹೆರಿಗೆಯ ಹೊತ್ತಿಗೆ ಬೇಗ ಹೆಪ್ಪುಗಟ್ಟಲು ಸಿದ್ಧವಾಗಿರುತ್ತದೆ, ಇಲ್ಲದಿದ್ದರೆ ತಾಯಿ ಉಳಿಯುವುದಿಲ್ಲ. ಆ ಗುಣ ಕೆಲವು ವಾರ ಹಾಗೇ ಇರುತ್ತದೆ. ಅದರ ಮೇಲೆ ಆಪರೇಷನ್, ಹನ್ನೆರಡು ದಿನ ಮಂಚ ಬಿಟ್ಟು ಇಳಿಯದ ಆರೈಕೆ, ಎರಡು ಲೋಟ ನೀರು, ಬಿಗಿದು ಕಟ್ಟಿದ ಹೊಟ್ಟೆ. ಕಾಲಿನ ಆಳದಲ್ಲಿ, ರಕ್ತವನ್ನು ಹೃದಯಕ್ಕೆ ಮರಳಿಸುವ ದೊಡ್ಡ ಕೊಳವೆಯೊಳಗೆ ರಕ್ತ ಗಟ್ಟಿಯಾಗಿತ್ತು. ಕಾಲು ಊದುವುದು ಅದರ ಸಣ್ಣ ತೊಂದರೆ. ಅದರ ಒಂದು ತುಂಡು ಕಳಚಿಕೊಂಡರೆ ಹೃದಯದ ಮೂಲಕ ನೇರ ಶ್ವಾಸಕೋಶಕ್ಕೆ ಹೋಗಿ ಕೂರುತ್ತದೆ. ತುಂಡು ದೊಡ್ಡದಾಗಿದ್ದರೆ ಯಾರಿಗೂ ಏನನ್ನೂ ಮಾಡಲು ಸಮಯ ಸಿಗುವುದಿಲ್ಲ.

ನಿಶ್ಚಯವಾಗಬೇಕಾದರೆ ರಕ್ತನಾಳದ ಸ್ಕ್ಯಾನ್ ಆಗಬೇಕು. ನಮ್ಮಲ್ಲಿ ಆ ಯಂತ್ರ ಇಲ್ಲ, ಸಾಗರಕ್ಕೆ ಹೋಗಬೇಕು. ಸ್ಕ್ಯಾನ್ ಆಗುವವರೆಗೆ ಕಾಯುವುದೋ, ಅನುಮಾನದ ಮೇಲೆಯೇ ಔಷಧಿ ಶುರು ಮಾಡುವುದೋ? ಅನುಮಾನ ಇಷ್ಟು ಬಲವಾಗಿದ್ದಾಗ ಕಾಯಬಾರದು. ತೂಕ ಐವತ್ತೆಂಟು ಕಿಲೋ. ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಅರವತ್ತು ಮಿಲಿಗ್ರಾಂ ತುಂಬಿದ ಸಿರಿಂಜು ತೆಗೆದು, ಹೊಲಿಗೆಯಿಂದ ದೂರ, ಹೊಕ್ಕುಳ ಪಕ್ಕದ ಚರ್ಮವನ್ನು ಹಿಡಿದೆತ್ತಿ ಚುಚ್ಚಿದೆ.

“ಹೊಟ್ಟೆಗ್ಯಾಕೆ ಸೂಜಿ? ಕಾಲಿಗಲ್ದಾ ಆಗಿದ್ದು?” ಅಂದರು ತಾಯಿ.

“ಎಲ್ಲಿಗೆ ಹಾಕಿದ್ರೂ ಕಾಲಿಗೆ ಹೋಗ್ತದೆ,” ಎಂದೆ. ಸಾಲಿನಲ್ಲಿ ಯಾರೋ ಕೆಮ್ಮುತ್ತಿದ್ದರು. ಅಷ್ಟಕ್ಕೇ ಬಿಟ್ಟೆ.

ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿಸಿ ಗಂಡ ಅವಳನ್ನು ಸಾಗರಕ್ಕೆ ಕರೆದೊಯ್ದ. ಮಧ್ಯಾಹ್ನ ಅಲ್ಲಿನ ಸ್ಕ್ಯಾನಿಂಗ್ ಡಾಕ್ಟರ ಫೋನ್ ಬಂತು. ಅವರು ಮಿತಭಾಷಿ, ಅವತ್ತು ಎರಡು ವಾಕ್ಯ ಹೆಚ್ಚು ಮಾತಾಡಿದರು. “ಒತ್ತಿದ್ರೆ ಚಪ್ಪಟೆ ಆಗ್ಬೇಕಾದ್ದು ಆಗ್ತಾ ಇಲ್ಲ. ತೊಡೆಸಂದಿಯವರೆಗೂ ತುಂಬಿದೆ. ಮೇಲಿನ ತುದಿ ಗೋಡೆಗೆ ಅಂಟಿಲ್ಲ, ಒಳಗೆ ತೇಲ್ತಾ ಇದೆ. ನಾನು ಜಾಸ್ತಿ ಒತ್ತಿ ನೋಡೋಕೆ ಹೋಗಲಿಲ್ಲ.”

ಆಮೇಲೆ ಶಿವಮೊಗ್ಗದ ತಜ್ಞರಿಗೆ ಫೋನ್ ಮಾಡಿದೆ. ನಮ್ಮ ಮುಂದಿದ್ದ ದಾರಿಗಳನ್ನು ಇಬ್ಬರೂ ಒಂದೊಂದಾಗಿ ತೂಗಿ ನೋಡಿದೆವು. ಈಗ ಬಂದಿರುವ ಹೊಸ ಮಾತ್ರೆಗಳು ಅನುಕೂಲ, ರಕ್ತಪರೀಕ್ಷೆಯ ಗೋಜಿಲ್ಲ. ಆದರೆ ಹಾಲೂಡಿಸುವ ತಾಯಿಗೆ ಕೊಡುವಂತಿಲ್ಲ. ತೊಡೆಯಿಂದ ನಳಿಕೆ ತೂರಿಸಿ ಗಂಟನ್ನೇ ಕರಗಿಸುವುದು ದೊಡ್ಡ ಆಸ್ಪತ್ರೆಗಳಲ್ಲಿ ಉಂಟು. ಹನ್ನೆರಡು ದಿನದ ಹೊಲಿಗೆ ಇರುವವಳಿಗೆ ಅದರಿಂದ ಎಲ್ಲಿ ರಕ್ತ ಒಸರೀತೋ ಹೇಳಲಾಗದು, ಕಾಲಿಗೇ ಅಪಾಯ ಬಂದರೆ ಮಾತ್ರ ಆ ಮಾತು. ಹೊಟ್ಟೆಯೊಳಗಿನ ದೊಡ್ಡ ನಾಳದಲ್ಲಿ ಜಾಲರಿ ಕೂರಿಸಿ ತುಂಡುಗಳನ್ನು ತಡೆಯುವುದೂ ಇದೆ. ಅದು ಹೆಪಾರಿನ್ ಕೊಡಲಾಗದವರಿಗೆ. ಉಳಿದದ್ದು ಹಳೆಯ ದಾರಿ. ದಿನಕ್ಕೆರಡು ಹೊತ್ತು ಹೆಪಾರಿನ್, ಜೊತೆಗೆ ವಾರ್ಫರಿನ್ ಮಾತ್ರೆ ಶುರು ಮಾಡಿ, ರಕ್ತಪರೀಕ್ಷೆಯಲ್ಲಿ ಅದು ಹಿಡಿತಕ್ಕೆ ಬಂದ ಮೇಲೆ ಸೂಜಿ ನಿಲ್ಲಿಸಿ ತಿಂಗಳುಗಟ್ಟಲೆ ಮಾತ್ರೆ. “ನಿಮ್ಮಲ್ಲೇ ಇಟ್ಕೊಳ್ಳಿ,” ಅಂದರು ತಜ್ಞರು. “ಉಸಿರಿನ ತೊಂದ್ರೆ ಬಂದ್ರೆ ಒಂದು ಕ್ಷಣ ಕಾಯಬೇಡಿ.”

ಸಂಜೆ ವಾರ್ಡಿನಲ್ಲಿ ತಾಯಿಗೆ ವಿವರಿಸಿದೆ. ಆ ಮಾತುಗಳು ನನಗೆ ಇವತ್ತಿಗೂ ಅಕ್ಷರಶಃ ನೆನಪಿವೆ.

“ಕಾಲಿನ ನರದಲ್ಲಿ ರಕ್ತ ಗಂಟು ಕಟ್ಟಿದೆ. ಅದು ಕರಗ್ಬೇಕು. ಅದಕ್ಕೆ ಇಂಜೆಕ್ಷನ್ ಕೊಡ್ತಾ ಇದೀವಿ. ಕಾಲು ದಿಂಬಿನ ಮೇಲಿರಲಿ, ನೀರು ಚೆನ್ನಾಗಿ ಕುಡೀಲಿ, ಹೊಟ್ಟೆಗೆ ಕಟ್ಟಿರೋ ಸೀರೆ ಬಿಚ್ಚಿ.”

ತಾಯಿಯ ಮುಖ ಬೆಳಿಗ್ಗೆಯಿಂದ ಮೊದಲ ಬಾರಿಗೆ ಸಡಿಲಾಯಿತು. “ನರದ್ದಾ ಮೇಡಂ? ನಾನು ನಂಜು ಅಂತ ಹೆದರಿದ್ದೆ.”

“ಅರ್ಥ ಆಯ್ತಾ?”

“ಆಯ್ತು ಮೇಡಂ. ನರದಲ್ಲಿ ಗಂಟು. ಕರಗ್ಬೇಕು.”

ಹೇಳಿದ್ದನ್ನು ಅಚ್ಚುಕಟ್ಟಾಗಿ ತಿರುಗಿ ಹೇಳಿದರಲ್ಲ ಎಂದು ನನಗೆ ಸಮಾಧಾನವಾಯಿತು. ನಿಜ ಹೇಳಬೇಕೆಂದರೆ ಹೆಪಾರಿನ್ ಗಂಟನ್ನು ಕರಗಿಸುವುದೇ ಇಲ್ಲ. ಇನ್ನಷ್ಟು ಬೆಳೆಯದಂತೆ ತಡೆಯುತ್ತದೆ, ಕರಗಿಸಿಕೊಳ್ಳುವುದು ಮೈಯ ಕೆಲಸ, ಅದಕ್ಕೆ ವಾರಗಳು ಬೇಕು. ಅದನ್ನೂ ಹೇಳಲಿಲ್ಲ. ‘ಕಾಲನ್ನು ತಿಕ್ಕಬೇಡಿ’ ಎಂಬ ಎರಡು ಪದವನ್ನೂ ಹೇಳಲಿಲ್ಲ. ಬೇರೆ ರೋಗಿಗಳಿಗೆ ಹೇಳಿದ್ದೇನೆ. ಅವತ್ತು ಬಾಯಿಗೆ ಬರಲಿಲ್ಲ.

ಗುರುವಾರ ಬೆಳಿಗ್ಗೆ ಗೆರೆ ಇದ್ದಲ್ಲೇ ಇತ್ತು. ಅಳತೆ ನಲವತ್ತೂವರೆ. ಅರ್ಧ ಸೆಂಟಿಮೀಟರಿಗೆ ನಾನು ಮಕ್ಕಳಂತೆ ಖುಷಿಪಟ್ಟೆ. ವಾರ್ಫರಿನ್ ಶುರು ಮಾಡಿದೆ. ಹುಡುಗಿ ಎದ್ದು ಕುಳಿತು ಮಗುವಿಗೆ ಹಾಲೂಡಿಸುತ್ತಿದ್ದಳು. ಇನ್ನು ನಾಲ್ಕು ದಿನ ಹೀಗೇ ಹೋದರೆ ಸಾಕು ಎಂದು ನಮ್ಮ ಹಿರಿಯ ಸಿಸ್ಟರಿಗೆ ಹೇಳಿದೆ. ಅವರು ಮುಂದಿನ ಹಾಸಿಗೆಗೆ ನಡೆದರು. ಒಳ್ಳೆಯದಾಗುತ್ತದೆ ಎಂದು ವಾರ್ಡಿನಲ್ಲಿ ನಿಂತು ಹೇಳುವುದು ಅವರಿಗೆ ಹಿಡಿಸುವುದಿಲ್ಲ.

ಮೂರರಿಂದ ನಾಲ್ಕು ನಮ್ಮಲ್ಲಿ ನೋಡಲು ಬರುವವರ ಹೊತ್ತು. ನಾಲ್ಕು ಗಂಟೆಗೆ ವಾರ್ಡಿಗೆ ಹೋದಾಗ ಅವಳ ಹಾಸಿಗೆಯ ಸುತ್ತ ಪರದೆ ಎಳೆದಿತ್ತು. ಹಾಲೂಡಿಸುತ್ತಿರಬೇಕು ಎಂದುಕೊಂಡು ಹೊರಗೆ ನಿಂತೆ. ಆಗ ಮೂಗಿಗೆ ಬಂತು, ಬೆಳ್ಳುಳ್ಳಿ ಮತ್ತು ಓಮ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ.

ಪರದೆ ಸರಿಸಿದೆ. ಕಾಲು ಎಣ್ಣೆಯಲ್ಲಿ ಮಿರಿಮಿರಿ ಮಿಂಚುತ್ತಿತ್ತು. ನಾನೆಳೆದ ಗೆರೆ ಇರಲಿಲ್ಲ. ಅದರ ಜಾಗದಲ್ಲಿ ನೀಲಿ ಮಸಿ ತೆಳ್ಳಗೆ ಹರಡಿತ್ತು.

“ನೋಡಿ ಮೇಡಂ, ಎಷ್ಟು ಇಳ್ದಿದೆ,” ಅಂದರು ತಾಯಿ.

ನಿಜವಾಗಿಯೂ ಇಳಿದಿತ್ತು. ಅಂದಾಜಿನ ಮೇಲೆ ಟೇಪು ಸುತ್ತಿದೆ, ಮೂವತ್ತೆಂಟೂವರೆ. ಬೆಳಗಿಗಿಂತ ಎರಡು ಸೆಂಟಿಮೀಟರ್ ಕಡಿಮೆ. ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು, ಹೊಗಳಿಕೆಗೆ ಕಾಯುವವರಂತೆ. ನಾನು ಟೇಪು ಹಿಡಿದುಕೊಂಡು ಒಂದನ್ನೇ ಯೋಚಿಸುತ್ತಿದ್ದೆ. ಬಾವು ಇಳಿಯಿತು, ಸರಿ. ಒಳಗೆ ತೇಲುತ್ತಿದ್ದ ಆ ತುದಿ ಎಲ್ಲಿದೆ?

ಹುಡುಗಿ ನಿಧಾನವಾಗಿ ಹೇಳಿದಳು. “ಮೇಡಂ, ಉಸಿರು ಅರ್ಧಕ್ಕೇ ನಿಲ್ತದೆ.”

ನಾಡಿ ನೂರಿಪ್ಪತ್ತನಾಲ್ಕು. ಬೆರಳಿಗೆ ಹಾಕಿದ ಯಂತ್ರ ಆಮ್ಲಜನಕ ತೊಂಬತ್ತು ತೋರಿಸಿತು. ರಕ್ತದೊತ್ತಡ ನೂರರ ಮೇಲೆ, ಸದ್ಯಕ್ಕೆ. ಸಿಸ್ಟರ್ ನಾನು ಹೇಳುವ ಮೊದಲೇ ಸಿಲಿಂಡರ್ ಉರುಳಿಸಿಕೊಂಡು ಬಂದರು.

“ಯಾರು ಮಾಡಿದ್ದು ಇದು?” ನನ್ನ ದನಿ ಇಡೀ ವಾರ್ಡಿಗೆ ಕೇಳಿರಬೇಕು.

ತಾಯಿ ಗಾಬರಿಯಾದರು. ನಗರದ ಹತ್ತಿರದ ಉಳುಕು ತೆಗೆಯುವ ಅಜ್ಜಿಯನ್ನು ಕರೆಸಿದ್ದರು. ಅಜ್ಜಿ ಕೆಳಗಿನಿಂದ ಮೇಲಕ್ಕೆ ಇಪ್ಪತ್ತು ನಿಮಿಷ ನೀವಿ, ನರ ಬಿಡಿಸಿ, ಆಗಷ್ಟೇ ಬಸ್ಸಿಗೆ ಹೋಗಿದ್ದಳು.

“ನರದ್ದು ಅಂತ ನೀವೇ ಹೇಳಿದ್ರಿ ಮೇಡಂ. ಗಂಟು ಕರಗ್ಬೇಕು ಅಂದ್ರಿ,” ಅಂದರು ತಾಯಿ. ಆಮೇಲೆ ದನಿ ತಗ್ಗಿಸಿ, ನನ್ನ ಮಾನ ಉಳಿಸುವವರಂತೆ, “ನಿಮ್ಮ ಕತ್ತು ಹಿಡ್ದಾಗ ಆ ಅಜ್ಜಿನೇ ಅಲ್ದಾ ತೆಗ್ದಿದ್ದು?”

ಹೌದು. ಎರಡು ವರ್ಷದ ಹಿಂದೆ ಕತ್ತು ಹಿಡಿದು, ಯಾರಿಗೂ ಹೇಳದೆ ಆ ಅಜ್ಜಿಯ ಜಗಲಿಯಲ್ಲಿ ಕುಳಿತು ಉಳುಕು ತೆಗೆಸಿಕೊಂಡು ಬಂದಿದ್ದೆ. ಗುಟ್ಟಾಗಿದೆ ಎಂದುಕೊಂಡಿದ್ದೆ. ನಗರದಿಂದ ಹೊಸನಗರದವರೆಗೆ ಎಲ್ಲರಿಗೂ ಗೊತ್ತಿತ್ತು ಎಂದಾಯಿತು.

ಶಿವಮೊಗ್ಗದ ತಜ್ಞರಿಗೆ ವಿಷಯ ತಿಳಿಸಿ, ಆಂಬುಲೆನ್ಸಿಗೆ ಹೇಳಿ, ಹೊರರೋಗಿಗಳನ್ನು ಜೊತೆಯ ಡಾಕ್ಟರಿಗೆ ಒಪ್ಪಿಸಿದೆ. ನಾನೇ ಜೊತೆಗೆ ಹೋಗುವುದೆಂದು ನಿರ್ಧರಿಸಿದ್ದೆ. ಸರಸರನೆ ಚೀಲ ತುಂಬುತ್ತಿದ್ದ ಸಿಸ್ಟರ್ ಒಮ್ಮೆ ಕೈ ನಿಲ್ಲಿಸಿದರು.

“ಮೇಡಂ, ಆ ಹಾರ್ಟಿಂದು ಒಂದು ವಯಲ್ ಇದೆಯಲ್ಲ. ಇಟ್ಕೊಳ್ಳಲಾ?”

ಹೃದಯಾಘಾತವಾದವರಿಗೆಂದು ಕಪಾಟಿನಲ್ಲಿ ಇಟ್ಟಿರುವ ಔಷಧಿ ಅದು. ಹೆಪ್ಪುಗಟ್ಟಿದ ರಕ್ತವನ್ನು ನಿಜಕ್ಕೂ ಕರಗಿಸುತ್ತದೆ. ಎಲ್ಲೆಲ್ಲಿ ಹೆಪ್ಪುಗಟ್ಟಿದೆಯೋ ಅಲ್ಲೆಲ್ಲ ಕರಗಿಸುತ್ತದೆ. ಹೊಲಿಗೆಯ ಕೆಳಗೆ ಗಾಯ ಮಾಯಿಸಲು ಕಟ್ಟಿದ ಹೆಪ್ಪು ಯಾವುದು, ಕೊಲ್ಲಲು ಬಂದ ಹೆಪ್ಪು ಯಾವುದು ಎಂಬ ಭೇದ ಅದಕ್ಕೆ ತಿಳಿಯದು. “ಇಟ್ಕೊಳ್ಳಿ. ಬಳಸೋದು ಬೇಡ ಅಂತ ಬೇಡ್ಕೊಳ್ಳಿ,” ಎಂದೆ.

ಮಗುವನ್ನು, ನೋಡಲು ಬಂದಿದ್ದ ಅವಳ ಗಂಡನ ಅಕ್ಕನ ಕೈಗೆ ಕೊಟ್ಟು ಐದು ಗಂಟೆಗೆ ಹೊರಟೆವು. ಗಂಡ ಮುಂದೆ ಆಂಬುಲೆನ್ಸ್ ಡ್ರೈವರಿನ ಪಕ್ಕ ಕುಳಿತ. ದಿನವೂ ಬಸ್ ಓಡಿಸುವ ರಸ್ತೆ. ಒಂದೊಂದು ಗುಂಡಿಯೂ ಅವನಿಗೆ ಬಾಯಿಪಾಠ. “ಮುಂದೆ ತಿರುವು ಆದ ಕೂಡ್ಲೇ ಹಂಪ್. ಈಗ ಬಿಡು. ಎಡಕ್ಕೆ ಕಿತ್ತಿದೆ, ಬಲಕ್ಕೆ ಹಿಡಿ.” ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ಆ ಒಂದೇ ಸಮನೆಯ ದನಿ ದಾರಿಯುದ್ದಕ್ಕೂ ಕೇಳುತ್ತಿತ್ತು.

ತಾಯಿ ಮಗಳ ಪಾದದ ಬಳಿ ಕುಳಿತಿದ್ದರು. ರಿಪ್ಪನ್‌ಪೇಟೆ ಬರುವ ಮೊದಲು ಕೇಳಿದರು, “ಕಾಲು ಇಳ್ದಿದೆಯಲ್ಲ ಮೇಡಂ. ಮತ್ತೆ ಉಸಿರಿಗೆ ಎಂತ ಆಯ್ತು?”

ನನ್ನ ಸಿಟ್ಟು ಇನ್ನೂ ಆರಿರಲಿಲ್ಲ. ಅರ್ಧ ಸಿಟ್ಟು ನನ್ನ ಮೇಲೆಯೇ ಇತ್ತು, ಅದನ್ನೂ ಅವರ ಮೇಲೆಯೇ ಹಾಕಿದೆ.

“ಹಾಲಿಗೆ ಹೆಪ್ಪು ಹಾಕಿ ಇಟ್ಟಿರ್ತೀರಿ. ಇನ್ನೂ ಅರೆಬರೆ ಗಟ್ಟಿಯಾಗಿರ್ತದೆ. ಆಗ ಪಾತ್ರೆ ಹಿಡಿದು ಅಲುಗಾಡಿಸಿದ್ರೆ ಎಂತ ಆಗ್ತದೆ?”

“ಒಡೀತದೆ. ಚೂರುಚೂರಾಗಿ ನೀರು ಬಿಡ್ತದೆ.”

“ಇವಳ ಕಾಲಲ್ಲಿ ರಕ್ತ ಹಾಗೆ ಹೆಪ್ಪಾಗಿತ್ತು. ಅಲುಗಾಡಿಸಬಾರದಿತ್ತು. ಅದರ ಚೂರು ಎದೆಗೆ ಹೋಗಿ ಕೂತಿದೆ.”

ತಾಯಿ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. ನೀವಿದ್ದು ಅಜ್ಜಿಯಾದರೂ, ಎಣ್ಣೆ ಕಾಯಿಸಿದ್ದು, ಕಾಲು ಹಿಡಿದುಕೊಂಡು ಕುಳಿತದ್ದು ಆ ಕೈಗಳೇ. ಆಮೇಲೆ ಸಿಟ್ಟಿಲ್ಲದೆ, ಗೊತ್ತಿಲ್ಲದ್ದನ್ನು ವಿಚಾರಿಸುವವರಂತೆ ಹೇಳಿದರು.

“ಈ ಮಾತು ನಿನ್ನೆ ಹೇಳಿದ್ರೆ ಆಗ್ತಿತ್ತಲ್ಲ ಮೇಡಂ.”

ಸಿಸ್ಟರ್ ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ರಕ್ತದೊತ್ತಡದ ಪಟ್ಟಿಯನ್ನು ಮತ್ತೊಮ್ಮೆ ಸುತ್ತಿದೆ. ತೊಂಬತ್ತು.

ರಿಪ್ಪನ್‌ಪೇಟೆ ದಾಟಿ ಕಾಡಿನ ಹಾದಿ ಶುರುವಾದ ಮೇಲೆ ಹುಡುಗಿ ಒಮ್ಮೆಲೇ ತಲೆ ಎತ್ತಿದಳು. “ಕಿಟಕಿ ತೆಗೀರಿ,” ಎಂದಳು. ಕಿಟಕಿ ತೆರೆದೇ ಇತ್ತು. ಹಣೆಯಲ್ಲಿ ತಣ್ಣನೆಯ ಬೆವರು, ತುಟಿಯ ಬಣ್ಣ ಬೂದಿ. ಕಣ್ಣು ಮೇಲಕ್ಕೆ ಹೋಯಿತು. ರಕ್ತದೊತ್ತಡ ಅರವತ್ತೆಂಟು, ಆಮ್ಲಜನಕ ಎಂಬತ್ತೊಂದು. ಇನ್ನೊಂದು ತುಂಡು ಕಳಚಿತ್ತು, ಅಥವಾ ಮೊದಲಿನದೇ ಹೃದಯವನ್ನು ದಣಿಸಿ ಹಾಕಿತ್ತು. ತಜ್ಞರಿಗೆ ಫೋನ್ ಹಚ್ಚಿದೆ. ಸಿಗ್ನಲ್ ಇಲ್ಲ. ಸಿಸ್ಟರ್ ಫೋನಿನಲ್ಲೂ ಇಲ್ಲ.

ಗಾಡಿ ನಿಲ್ಲಿಸಲು ಹೇಳಿದೆ.

ಶಿವಮೊಗ್ಗ ಇನ್ನೂ ಒಂದು ಗಂಟೆ ದೂರ. ಈ ಒತ್ತಡದಲ್ಲಿ ಅವಳು ಒಂದು ಗಂಟೆ ಇರುವುದಿಲ್ಲ. ಔಷಧಿ ಕೊಟ್ಟರೆ ಹದಿಮೂರು ದಿನದ ಗಾಯ ಬಿಚ್ಚಿಕೊಳ್ಳಬಹುದು. ಗರ್ಭಕೋಶದಿಂದ ರಕ್ತ ಕಿತ್ತುಕೊಂಡರೆ ನಿಲ್ಲಿಸಲು ನನ್ನ ಬಳಿ ರಕ್ತವೂ ಇಲ್ಲ, ಆಪರೇಷನ್ ಕೋಣೆಯೂ ಇಲ್ಲ, ರಸ್ತೆ ಬದಿಯಲ್ಲಿ ಒಂದು ವ್ಯಾನು ಇದೆ. ಒಂದು ಸಾವು ಖಚಿತ, ಇನ್ನೊಂದು ಸಾಧ್ಯ. ಲೆಕ್ಕ ಸುಲಭ. ಆದರೆ ಖಚಿತವಾದದ್ದು ಕಾಯಿಲೆಯಿಂದ ಬರುವುದು, ಸಾಧ್ಯವಾದದ್ದು ನನ್ನ ಕೈಯಿಂದ ಬರುವುದು. ಆ ವ್ಯತ್ಯಾಸ ಎಷ್ಟು ಭಾರವಾಗಿರುತ್ತದೆ ಎಂದು ಸಿರಿಂಜು ಹಿಡಿದವರಿಗೇ ಗೊತ್ತು. ನನಗೆ ಭಯವಾಯಿತು.

ಗಂಡನನ್ನು ಹಿಂಬಾಗಿಲಿಗೆ ಕರೆದು ಇದ್ದದ್ದನ್ನು ಇದ್ದಂತೆ ಹೇಳಿದೆ. “ಈ ಔಷಧಿ ಕೊಟ್ರೆ ಗಾಯದಿಂದ, ಗರ್ಭಕೋಶದಿಂದ ರಕ್ತ ಹೋಗಬಹುದು, ನಿಲ್ಲದೇನೂ ಇರಬಹುದು. ಕೊಡದಿದ್ರೆ ಶಿವಮೊಗ್ಗ ಮುಟ್ಟೋದಿಲ್ಲ.”

ಹೊರಟ ಮೇಲೆ ಅವನು ಹೆಂಡತಿಯ ಮುಖವನ್ನು ಆಗಲೇ ಮೊದಲ ಸಲ ನೋಡಿದ. ಕೇಳಿದ್ದು ಒಂದೇ ಪ್ರಶ್ನೆ.

“ಕೊಟ್ಟ ಮೇಲೆ ಗಾಡಿ ಓಡಿಸಬಹುದಾ, ನಿಲ್ಲಿಸ್ಕೊಂಡೇ ಇರ್ಬೇಕಾ?”

“ಓಡಿಸಬಹುದು.”

“ಹಂಗಾದ್ರೆ ಕೊಡಿ.”

ಪುಡಿಗೆ ನೀರು ಬೆರೆಸುವಾಗ ಆ ವಯಲನ್ನು ಕುಲುಕುವ ಹಾಗಿಲ್ಲ. ನೊರೆ ಬಂದರೆ ಅಳತೆ ಕೆಡುತ್ತದೆ. ಅಂಗೈ ನಡುವೆ ಇಟ್ಟು ಮೆಲ್ಲಗೆ ತಿರುಗಿಸಬೇಕು. ಗಾಡಿ ನಿಂತದ್ದು ಅದಕ್ಕೇ. ಸಿಸ್ಟರ್ ಗ್ಲೂಕೋಸ್ ಬಾಟಲಿ ಕಳಚಿ ಸಲೈನಿನಲ್ಲಿ ಡ್ರಿಪ್ಪಿನ ನಳಿಕೆ ತೊಳೆದರು, ಗ್ಲೂಕೋಸಿನೊಂದಿಗೆ ಇದು ಸೇರಿದರೆ ಅಲ್ಲೇ ಗಸಿ ಕಟ್ಟುತ್ತದೆ. ಅರವತ್ತು ಕಿಲೋ ಒಳಗಿನವರಿಗೆ ಮೂವತ್ತು ಮಿಲಿಗ್ರಾಂ, ಆರು ಎಂ.ಎಲ್. ಹತ್ತು ಸೆಕೆಂಡಿನಲ್ಲಿ ಪೂರ್ತಿ ಒಳಗೆ ಹೋಯಿತು. ಹೋದ ಮೇಲೆ ವಾಪಸು ತೆಗೆಯುವ ಔಷಧಿ ಇಲ್ಲ.

ಗಾಡಿ ಹೊರಟಿತು. “ಮುಂದೆ ಹಂಪ್,” ಎಂದ ಗಂಡ ಮುಂದಿನಿಂದ. ಐದು ನಿಮಿಷಕ್ಕೊಮ್ಮೆ ಒತ್ತಡ ನೋಡಿದೆ. ಅರವತ್ತೆಂಟು. ಎಪ್ಪತ್ತು. ಎಪ್ಪತ್ತು. ಎಪ್ಪತ್ತೆಂಟು. ಇಪ್ಪತ್ತು ನಿಮಿಷದ ಹೊತ್ತಿಗೆ ಎಂಬತ್ತಾರಾಯಿತು, ಹುಡುಗಿ ಕಣ್ಣು ಬಿಟ್ಟು, “ಮಗು ಎಲ್ಲಿ?” ಎಂದಳು.

ನಾನು ಉಸಿರು ಬಿಡುವಷ್ಟರಲ್ಲಿ ಸಿಸ್ಟರ್ ಹೊದಿಕೆ ಎತ್ತಿದರು. ಹೊಲಿಗೆಯ ಮೇಲಿನ ಪಟ್ಟಿ ಕೆಂಪಾಗಿತ್ತು. ನಾವು ನೋಡುತ್ತಿದ್ದ ಹಾಗೇ ಕೆಂಪು ಅಂಚಿನವರೆಗೆ ಹರಡಿತು. ಕೆಳಗಿನಿಂದಲೂ ರಕ್ತ ಹೋಗುತ್ತಿತ್ತು. ಗರ್ಭಕೋಶ ಬಿಗಿಯಲೆಂದು ಇನ್ನೊಂದು ಕೈಗೆ ಡ್ರಿಪ್ ಹಾಕಬೇಕು, ಅದಕ್ಕೆ ಸಿಸ್ಟರ್ ಬೇಕು. ಗಾಯ ಒತ್ತಿ ಹಿಡಿಯಲು ಮತ್ಯಾರೂ ಇಲ್ಲ. ಬಟ್ಟೆಯ ದಪ್ಪ ಮಡಿಕೆಯನ್ನು ಗಾಯದ ಮೇಲಿಟ್ಟು ತಾಯಿಯ ಎರಡೂ ಕೈಗಳನ್ನು ತೆಗೆದು ಅದರ ಮೇಲಿಟ್ಟೆ.

“ಒತ್ತಿ ಹಿಡೀರಿ. ಕೈ ಸರಿಸಬೇಡಿ. ತಿಕ್ಕಬೇಡಿ.”

“ತಿಕ್ಕಲ್ಲ ಮೇಡಂ.”

ಆಯನೂರು ಬರುವುದಕ್ಕೂ ಮೊದಲಿನಿಂದ ಶಿವಮೊಗ್ಗದ ಆಸ್ಪತ್ರೆಯ ಬಾಗಿಲಿನವರೆಗೆ ಆ ಹೆಂಗಸು ಕೈ ಸರಿಸಲಿಲ್ಲ. ತಿರುವಿನಲ್ಲಿ ಗಾಡಿ ವಾಲಿದಾಗ ಅವರ ಹಣೆ ಕಬ್ಬಿಣದ ಸರಳಿಗೆ ಬಡಿಯಿತು, ಆಗಲೂ ಸರಿಸಲಿಲ್ಲ. ಸ್ಟ್ರೆಚರ್ ಇಳಿಸುವಾಗ ಅಲ್ಲಿನ ನರ್ಸು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಎರಡೂ ಶ್ವಾಸಕೋಶಗಳಲ್ಲಿ ಚೂರುಗಳಿದ್ದವು. ನಾಲ್ಕು ಬಾಟಲಿ ರಕ್ತ ಕೊಟ್ಟರು. ರಕ್ತಸ್ರಾವ ನಿಂತ ಮೇಲೆ ಹೆಪಾರಿನ್ ಮತ್ತೆ ಶುರು ಮಾಡಿದರು, ಈ ಸಲ ತೊಟ್ಟುತೊಟ್ಟಾಗಿ, ಬೇಕೆಂದಾಗ ನಿಲ್ಲಿಸುವಂತೆ. ಮೂರು ದಿನ ಯಾರೂ ಏನನ್ನೂ ಖಚಿತವಾಗಿ ಹೇಳಲಿಲ್ಲ. ನಾಲ್ಕನೆಯ ದಿನ ಆಮ್ಲಜನಕದ ಮಾಸ್ಕ್ ತೆಗೆದರು. ಹತ್ತನೆಯ ದಿನ ವಾರ್ಫರಿನ್ ಮಾತ್ರೆಯ ಚೀಟಿ ಹಿಡಿದು ಮನೆಗೆ ಬಂದಳು.

ಅದಾದ ಎರಡು ವಾರಕ್ಕೆ ನಾನು ಅಜ್ಜಿಯ ಮನೆಗೆ ಹೋದೆ. ಜಗಳಕ್ಕೆಂದೇ ಹೊರಟಿದ್ದೆನೋ ಏನೋ. ಅಜ್ಜಿ ಅದೇ ಜಗಲಿಯಲ್ಲಿ ಕುಳಿತಿದ್ದಳು. ವಿಷಯ ಅವಳಿಗೆ ತಲುಪಿತ್ತು. ಅವತ್ತಿನಿಂದ ಯಾರ ಮೈಯನ್ನೂ ಮುಟ್ಟಿರಲಿಲ್ಲವಂತೆ.

“ಕಾಲು ಬಿಸಿ ಇತ್ತು ತಾಯೀ,” ಎಂದಳು. “ಉಳುಕಿದ ಕಾಲು ಹಂಗಿರಲ್ಲ. ಕೈಗೆ ಗೊತ್ತಾಯ್ತು ನಂಗೆ. ನಾನು ಬ್ಯಾಡ ಅಂದೆ. ಡಾಕ್ಟ್ರೇ ನರದ್ದು ಅಂದಿದಾರೆ ಅಂದ್ರು. ಡಾಕ್ಟ್ರು ಅಂದ್ ಮೇಲೆ ನಾನ್ಯಾರು?”

ಅವಳ ಕೈಗೆ ತಿಳಿದದ್ದನ್ನು ನನ್ನ ಮಾತು ಸುಳ್ಳು ಮಾಡಿತ್ತು. ನಾನು ಕಾಫಿ ಕುಡಿಯದೆ ಎದ್ದು ಬಂದೆ.

ಹುಡುಗಿ ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಬರುತ್ತಿದ್ದಳು. ವಾರ್ಫರಿನ್ ಒಂದು ರಗಳೆಯ ಮಾತ್ರೆ. ಫಲಿತಾಂಶ ಎರಡರಿಂದ ಮೂರರ ನಡುವೆ ಇರಬೇಕು. ಕಡಿಮೆಯಾದರೆ ಮತ್ತೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಒಮ್ಮೆ ಒಂದೂವರೆಗೆ ಇಳಿಯಿತು. ವಿಚಾರಿಸಿದರೆ, ಮಗಳ ಮೈಗೆ ರಕ್ತವಾಗಲಿ ಎಂದು ತಾಯಿ ದಿನವೂ ಬಸಳೆ, ನುಗ್ಗೆಸೊಪ್ಪು ತಿನ್ನಿಸುತ್ತಿದ್ದರು. ಸೊಪ್ಪು ಈ ಮಾತ್ರೆಯ ಶಕ್ತಿಯನ್ನು ತಗ್ಗಿಸುತ್ತದೆ. ಬಿಡಬೇಕಿಲ್ಲ, ವಾರವಾರವೂ ಒಂದೇ ಅಳತೆಯಲ್ಲಿ ತಿನ್ನಿ ಎಂದು ಈ ಸಲ ಕುಳಿತು, ಬರೆದು, ಅವರಿಂದ ತಿರುಗಿ ಹೇಳಿಸಿದ್ದೂ ಅಲ್ಲದೆ, ‘ನಾಳೆ ಮನೆಗೆ ಹೋಗಿ ಎಂತ ಮಾಡ್ತೀರಿ?’ ಎಂದೂ ಕೇಳಿದೆ. ಆ ಪ್ರಶ್ನೆಯನ್ನು ಈಗ ಎಲ್ಲರಿಗೂ ಕೇಳುತ್ತೇನೆ.

ಆರನೆಯ ತಿಂಗಳು ಮಾತ್ರೆ ನಿಲ್ಲಿಸುವ ದಿನ. ಟೇಪು ಸುತ್ತಿದೆ. ಎಡಗಾಲು ಇನ್ನೂ ಒಂದೂವರೆ ಸೆಂಟಿಮೀಟರ್ ಹೆಚ್ಚಿದೆ. ಅದು ಪೂರ್ತಿ ಹೋಗದೇನೂ ಇರಬಹುದು. ತಾಯಿ ಹೊರಗೆ ಮಗುವನ್ನು ಆಡಿಸುತ್ತಿದ್ದರು.

“ಅಮ್ಮ ಈಗ ಹಾಲಿಗೆ ಹೆಪ್ಪು ಹಾಕೋದಿಲ್ಲ ಮೇಡಂ,” ಎಂದಳು ಹುಡುಗಿ, ಕಾಲು ಇಳಿಬಿಡುತ್ತ. “ಕಾಯಿಸಿ ಆರಿಸಿ ಇಟ್ಟು ನನ್ನ ಕರೀತಾರೆ. ನಾನು ಹಾಕಿದ ಮೇಲೆ ಆ ಪಾತ್ರೆ ಹತ್ರಾನೂ ಸುಳಿಯಲ್ಲ.”

ಆಂಬುಲೆನ್ಸಿನಲ್ಲಿ ಸಿಟ್ಟಿನಿಂದ ಆಡಿದ ಮಾತು ನೆನಪಾಯಿತು. ಒಮ್ಮೆ ಅರ್ಥವಾಗದ ಮಾತು ಆಡಿ, ಇನ್ನೊಮ್ಮೆ ಬೇಕಾದ್ದಕ್ಕಿಂತ ಹೆಚ್ಚು ಅರ್ಥವಾಗುವ ಮಾತು ಆಡಿ, ಎರಡು ಸಲವೂ ಆ ಹೆಂಗಸಿಗೇ ಪೆಟ್ಟು ಕೊಟ್ಟಿದ್ದೆ. ಅವರನ್ನು ಒಳಗೆ ಕರೆಸಿ ಕೂರಿಸಿದೆ.

“ಅವತ್ತು ನರ ಅಂದಿದ್ದು ನನ್ನ ತಪ್ಪು. ನೀವು ನಾನು ಹೇಳಿದ್ದನ್ನೇ ಮಾಡಿದ್ರಿ. ತಿಕ್ಕಿದ್ದರಿಂದಲೇ ಚೂರು ಕಳಚಿತು ಅಂತಲೂ ಖಂಡಿತ ಹೇಳೋಕಾಗೋದಿಲ್ಲ, ಅದು ತಾನಾಗೂ ಕಳಚ್ತದೆ.”

ಅವರು ಮಗುವಿನ ಟೋಪಿ ಸರಿ ಮಾಡಿದರು. ನಾನು ಹೇಳಿದ ಎರಡನೆಯ ಮಾತನ್ನು ನಂಬಿದ ಹಾಗೆ ಕಾಣಲಿಲ್ಲ.

“ಅದಕ್ಕೆ ಸರಿಯಾದ ಹೆಸ್ರು ಎಂತ ಮೇಡಂ? ನರ ಅಲ್ಲ ಅಂದ್ ಮೇಲೆ?”

“ಅಭಿಧಮನಿ ಅಂತ.”

ಒಮ್ಮೆ ಹೇಳಿ ನೋಡಿದರು. ನಾಲಿಗೆ ಹೊರಳಲಿಲ್ಲ.

“ಅದು ಬ್ಯಾಡ,” ಎಂದರು, ಮಗುವನ್ನು ಹೆಗಲಿಗೆ ಹಾಕಿಕೊಂಡು ಏಳುತ್ತ. “ಹೆಪ್ಪು ಅಂತಲೇ ಹೇಳಿ ಮೇಡಂ. ಬರೋರಿಗಾದ್ರೂ ಮೊದ್ಲೇ ಹೇಳಿ.”